ಊಟಕ್ಕೆ ಬಾರದಿದ್ದರೆ ಕೇಳುವವರು ಯಾರು? ಕ್ರೈಸ್ತ ವಿಶ್ವವಿದ್ಯಾಲಯಗಳಿಗೆ ಹೊರಟ ಮಕ್ಕಳ ವಸತಿ ಮತ್ತು ನೆರವು: ಒಂದು ಹೋಲಿಕೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಿಂದ ವಿಜಯಪುರದ ನಮ್ಮ ಮನೆಗೆ ಪಾಲಕರ ಓಡಾಟ ಶುರುವಾಗುತ್ತದೆ. ಬಹಳ ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳಿದವನೆಂಬ ಕಾರಣಕ್ಕೆ ಸಿಂದಗಿ, ಮುದ್ದೇಬಿಹಾಳ, ಜಮಖಂಡಿ ಕಡೆಯಿಂದಲೂ ಜನ ಬರುತ್ತಾರೆ. ‘ಸರ್, ಕ್ರೈಸ್ಟ್ ಛಲೋನೋ, ಸೇಂಟ್ ಜೋಸೆಫ್ಸ್ ಛಲೋನೋ?’ ಎಂಬಲ್ಲಿಂದ ಮಾತು ಆರಂಭವಾಗುತ್ತದೆ. ಕೋರ್ಸು, ಶುಲ್ಕ, ಪ್ರವೇಶ ಪರೀಕ್ಷೆಗಳ ವಿಚಾರ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಐನೂರು ಕಿಲೋಮೀಟರ್ ಆಚೆ ಹದಿನೆಂಟರ ಮಗಳೋ ಮಗನೋ ಎಲ್ಲಿ ಉಳಿಯಬೇಕು, ಜ್ವರ ಬಂದರೆ ಯಾರಿಗೆ ಹೇಳಬೇಕು, ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಅಳುತ್ತ ಕುಳಿತರೆ ಯಾರು ಮಾತನಾಡಿಸುತ್ತಾರೆ ಎಂಬ ವಿಚಾರ ಮಾತ್ರ ಏಳುವುದೇ ಅಪರೂಪ. ಎದ್ದರೂ ತಿಂಗಳ ಬಾಡಿಗೆ ಎಷ್ಟು ಎಂಬಲ್ಲಿಗೆ ನಿಂತುಬಿಡುತ್ತದೆ. ಈ ಬರಹ ಆ ಬಿಟ್ಟುಹೋಗುವ ಭಾಗವನ್ನು ಕುರಿತದ್ದು.

ಪರಸ್ಥಳದಲ್ಲಿ ಉಳಿದು ಓದುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಬಾಗಲಕೋಟೆಯಲ್ಲಿ 1906ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, ವಿಜಯಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದ ಕಾಲದಿಂದ ಹಳ್ಳಿಯ ಹುಡುಗರು ಮಠಗಳ ಪ್ರಸಾದ ನಿಲಯಗಳಲ್ಲಿ, ಬೋರ್ಡಿಂಗುಗಳಲ್ಲಿ ಉಳಿದು ಓದಿದ್ದಾರೆ. ನಾನೂ ಪ್ರಸಾದ ನಿಲಯದಲ್ಲಿ ಉಂಡು ಓದಿದವನು. ಅಲ್ಲಿ ಕೋಣೆ ಇಕ್ಕಟ್ಟು, ಸಾರು ತೆಳು. ಆದರೆ ಸಂಜೆಯ ಪ್ರಾರ್ಥನೆಯ ಮೇಲೆ ಪಂಕ್ತಿ ಕುಳಿತಾಗ ಒಂದು ತಾಟು ಖಾಲಿ ಇದ್ದರೆ, ಬಡಿಸುವ ಅಜ್ಜ ಸೌಟು ಹಿಡಿದು ಅಲ್ಲೇ ನಿಂತು ‘ಇವಾ ಎಲ್ಲಿ ಹೋದಾ?’ ಎಂದು ಕೇಳುತ್ತಿದ್ದ. ಕ್ರೈಸ್ತ ಸಂಸ್ಥೆಗಳ ವಸತಿಯನ್ನು ಹೋಲಿಸುವಾಗಲೂ ನಾನು ಮೊದಲು ಹಿಡಿಯುವ ಅಳತೆಗೋಲು ಅದೇ: ಎರಡು ಹೊತ್ತು ಊಟಕ್ಕೆ ಬಾರದಿದ್ದರೆ ಅದು ಯಾರ ಗಮನಕ್ಕೆ ಬರುತ್ತದೆ?

ಈ ಪ್ರಶ್ನೆ ನನ್ನಲ್ಲಿ ಗಟ್ಟಿಯಾಗಲು ಕಾರಣ ನನ್ನ ಅಣ್ಣನ ಮಗಳು. ಬೆಂಗಳೂರಿನಲ್ಲಿ ಪದವಿಗೆ ಸೇರಿದ ವರ್ಷ ಹಾಸ್ಟೆಲ್ ಅರ್ಜಿಯ ದಿನಾಂಕ ತಪ್ಪಿ, ಕಾಲೇಜಿನ ಹತ್ತಿರದ ಪಿಜಿಯೊಂದರಲ್ಲಿ, ಅಂದರೆ ತಿಂಗಳ ಬಾಡಿಗೆಯ ಖಾಸಗಿ ವಸತಿಯಲ್ಲಿ, ಅವಳನ್ನು ಬಿಟ್ಟು ಬಂದೆವು. ಹೊಸ ಕಟ್ಟಡ, ಬಿಸಿನೀರು, ವೈಫೈ ಎಲ್ಲವೂ ಇದ್ದವು. ಮಳೆಗಾಲದಲ್ಲಿ ಅವಳಿಗೆ ಡೆಂಗ್ಯೂ ಬಂದಿತು. ಕೋಣೆಯಲ್ಲಿದ್ದ ಇನ್ನೊಬ್ಬಳು ರಾತ್ರಿ ಪಾಳಿಯ ಕೆಲಸದವಳು. ಮಾಲೀಕರು ಬೇರೆ ಬಡಾವಣೆಯಲ್ಲಿ. ಕೆಳಗಿದ್ದ ಕಾವಲುಗಾರನಿಗೆ ಕನ್ನಡವೂ ಬಾರದು, ಇವಳಿಗೆ ಅವನ ಭಾಷೆಯೂ ಬಾರದು. ಎರಡು ದಿನ ಅವಳು ಬಿಸ್ಕೀಟು, ನೀರಿನ ಮೇಲೆಯೇ ಇದ್ದಳು. ಮೂರನೆಯ ರಾತ್ರಿ ಒಂದು ಗಂಟೆಗೆ ಫೋನ್ ಬಂತು: ‘ಕಾಕಾ, ನಿಲ್ಲಾಕ ಆಗವಲ್ದು. ಬಾಗಿಲಾ ಬಡದ್ರೂ ಯಾರೂ ಬರವಲ್ರು.’ ಸಹಪಾಠಿಯೊಬ್ಬಳ ತಂದೆ ಆಟೋ ತಂದು ಆಸ್ಪತ್ರೆಗೆ ಸೇರಿಸಿದ್ದರಿಂದ ಮಗು ಉಳಿಯಿತು. ಮರುವರ್ಷ ಅವಳನ್ನು ಸನ್ಯಾಸಿನಿಯರು ನಡೆಸುವ ಹಾಸ್ಟೆಲ್ಲಿಗೆ ಬದಲಿಸಿದೆವು. ಅಲ್ಲಿ ನಾಲ್ಕು ಮಂದಿಗೆ ಒಂದು ಕೋಣೆ, ಫೋನಿಗೂ ಸಮಯದ ಮಿತಿ. ಆದರೆ ರಾತ್ರಿ ಊಟದ ಮನೆಯ ಬಾಗಿಲಲ್ಲಿ ಸಿಸ್ಟರ್ ಒಬ್ಬರು ದಾಖಲೆ ಪುಸ್ತಕ ಹಿಡಿದು ಕುಳಿತಿರುತ್ತಾರೆ, ಸಹಿ ಬೀಳದ ಹೆಸರಿದ್ದರೆ ಕೋಣೆಗೆ ಹೋಗಿ ನೋಡುತ್ತಾರೆ.

ಮೊದಲು ಊರು, ಆಮೇಲೆ ಕೋಣೆ

ನಮ್ಮ ಭಾಗದ ಮಕ್ಕಳು ಹೆಚ್ಚಾಗಿ ಹೆಸರು ಹೇಳುವ ಕ್ರೈಸ್ತ ವಿಶ್ವವಿದ್ಯಾಲಯಗಳು ಮೂರು. ಬೆಂಗಳೂರಿನ ಕ್ರೈಸ್ಟ್ 1969ರಲ್ಲಿ ಸಿಎಂಐ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಭೆಯ ಗುರುಗಳು ಆರಂಭಿಸಿದ ಕಾಲೇಜು. 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು, ಅಂದರೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಸ್ಥಾನ ಪಡೆಯಿತು. ಸೇಂಟ್ ಜೋಸೆಫ್ಸ್ 1882ರಷ್ಟು ಹಳೆಯದು. 1937ರಲ್ಲಿ ಜೆಸುಯಿಟ್ ಎಂಬ ಇನ್ನೊಂದು ಕ್ಯಾಥೊಲಿಕ್ ಸಭೆಯ ಕೈಗೆ ಬಂದು, 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಮಂಗಳೂರಿನ ಸಂತ ಅಲೋಶಿಯಸ್ 1880ರಲ್ಲಿ ಜೆಸುಯಿಟರೇ ಕಟ್ಟಿದ ಕಾಲೇಜು. ಅದಕ್ಕೆ 2024ರಲ್ಲಿ ಡೀಮ್ಡ್ ಸ್ಥಾನ ದೊರೆಯಿತು. ಬೆಳಗಾವಿಯವರಿಗೆ ಜೆಸುಯಿಟರ ಶಿಸ್ತು ಅಪರಿಚಿತವಲ್ಲ. ಕ್ಯಾಂಪಿನ ಸೇಂಟ್ ಪಾಲ್ಸ್ ಶಾಲೆ 1856ರಿಂದ ಅಲ್ಲಿದೆ.

ಒಂದೇ ಹೆಸರಿನ ವಿಶ್ವವಿದ್ಯಾಲಯದಲ್ಲಿಯೂ ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ವಸತಿಯ ಸ್ಥಿತಿ ಬೇರೆ ಎಂಬುದನ್ನು ಬಹಳ ಪಾಲಕರು ಗಮನಿಸುವುದಿಲ್ಲ. ಕ್ರೈಸ್ಟ್‌ನ ಮುಖ್ಯ ಕ್ಯಾಂಪಸ್ ಹೊಸೂರು ರಸ್ತೆಯಲ್ಲಿ ಡೇರಿ ವೃತ್ತದ ಹತ್ತಿರ ಇದೆ. ಸುತ್ತಲಿನ ಸುದ್ದಗುಂಟೆಪಾಳ್ಯ, ತಾವರೆಕೆರೆ ಬೀದಿಗಳ ತುಂಬ ಪಿಜಿಗಳೇ. ಅದೇ ವಿಶ್ವವಿದ್ಯಾಲಯದ ಕೆಂಗೇರಿ ಕ್ಯಾಂಪಸ್ ಮೈಸೂರು ರಸ್ತೆಯಲ್ಲಿ ಊರ ಹೊರಗೆ. ಅಲ್ಲಿ ಕ್ಯಾಂಪಸ್ಸಿನ ಹಾಸ್ಟೆಲ್ ಸಿಗದಿದ್ದರೆ ದಿನದ ಓಡಾಟವೇ ಒಂದು ಕೆಲಸವಾಗುತ್ತದೆ, 2021ರಲ್ಲಿ ಮೆಟ್ರೊ ಕೆಂಗೇರಿಗೆ ಬಂದ ಮೇಲೆ ಸ್ವಲ್ಪ ಹಗುರವಾಗಿದೆ. ಸೇಂಟ್ ಜೋಸೆಫ್ಸ್ ಇರುವ ಲ್ಯಾಂಗ್‌ಫರ್ಡ್ ರಸ್ತೆ ಊರ ನಡುವೆ, ಲಾಲ್‌ಬಾಗಿಗೆ ಸಮೀಪ. ಅಲ್ಲಿ ಜಾಗಕ್ಕೆ ಬೆಲೆ ಹೆಚ್ಚು. ಆದ್ದರಿಂದ ‘ಕ್ರೈಸ್ಟ್‌ನಲ್ಲಿ ಹಾಸ್ಟೆಲ್ ಇದೆಯಂತೆ’ ಎಂಬ ಮಾತಿನಿಂದ ತೀರ್ಮಾನಕ್ಕೆ ಬರಬಾರದು. ನಿಮ್ಮ ಮಗುವಿನ ಕೋರ್ಸು ಯಾವ ಕ್ಯಾಂಪಸ್ಸಿನಲ್ಲಿ, ಆ ಕ್ಯಾಂಪಸ್ಸಿನಲ್ಲಿ ಹುಡುಗರಿಗೆ ಎಷ್ಟು ಸೀಟು, ಹುಡುಗಿಯರಿಗೆ ಎಷ್ಟು, ಮೊದಲ ವರ್ಷದವರಿಗೆ ಆದ್ಯತೆ ಉಂಟೇ, ಎರಡನೆಯ ವರ್ಷಕ್ಕೆ ಸೀಟು ತಾನಾಗಿ ಮುಂದುವರಿಯುತ್ತದೆಯೇ ಎಂದು ಬಿಡಿಸಿ ಕೇಳಬೇಕು.

ಪ್ರಯಾಣದ ಲೆಕ್ಕವೂ ಇದರಲ್ಲೇ ಸೇರುತ್ತದೆ. ವಿಜಯಪುರ, ಬಾಗಲಕೋಟೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್, ಬೆಳಗಾವಿಯವರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇರುವುದರಿಂದ ಬೆಂಗಳೂರು ಒಂದು ರಾತ್ರಿಯ ದಾರಿ. ವಿಜಯಪುರದಿಂದ ಮಂಗಳೂರಿಗೂ ನೇರ ರೈಲು ಇದೆ. ಆದರೆ ಅದು ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಹಳಿಯ ಮೇಲೆ ಹೋಗಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದಾಗ ಆ ದಾರಿ ಬಂದಾಗುತ್ತದೆ. ಮಗುವಿಗೆ ಹುಷಾರಿಲ್ಲದಾಗ ನಾಳೆ ಬೆಳಗ್ಗೆ ತಲುಪಲು ಸಾಧ್ಯವೇ ಎಂಬುದು ನಿಮ್ಮ ಮನಸ್ಸಿಗೆ ದೊಡ್ಡದಾದರೆ, ಮಂಗಳೂರಿನ ವಿಷಯದಲ್ಲಿ ಕ್ಯಾಂಪಸ್ಸಿನ ಒಳಗಿನ ನೆರವು ಇನ್ನಷ್ಟು ಗಟ್ಟಿ ಇರಬೇಕು.

ವಸತಿಯ ಬಗೆಗಳು

ವಿಶ್ವವಿದ್ಯಾಲಯವೇ ನಡೆಸುವ ಹಾಸ್ಟೆಲ್ ಮೊದಲ ವರ್ಷಕ್ಕೆ ಎಲ್ಲಕ್ಕಿಂತ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಲ್ಲಿ ತೊಂದರೆಯಾದರೆ ಹೊಣೆ ಹೊರಬೇಕಾದವರು ಯಾರೆಂಬುದು ಕಾಗದದ ಮೇಲೆ ಇರುತ್ತದೆ. ರ‍್ಯಾಗಿಂಗ್ ತಡೆಗೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2009ರಲ್ಲಿ ತಂದ ನಿಯಮಗಳು ಸಂಸ್ಥೆಯ ಹಾಸ್ಟೆಲ್‌ಗೆ ನೇರವಾಗಿ ಅನ್ವಯಿಸುತ್ತವೆ. ಹೊಸಬರನ್ನು ಹಿರಿಯರಿಂದ ಬೇರೆ ಕಟ್ಟಡದಲ್ಲಿ ಇರಿಸಬೇಕೆಂಬುದು, ವಾರ್ಡನ್ ಫೋನಿನಲ್ಲಿ ಎಲ್ಲ ಹೊತ್ತಿಗೂ ಸಿಗಬೇಕೆಂಬುದು ಅದರ ಭಾಗ. ಪ್ರವೇಶದ ಹೊತ್ತಿಗೆ ವಿದ್ಯಾರ್ಥಿಯೂ ಪಾಲಕರೂ ಮುಚ್ಚಳಿಕೆ ಬರೆದುಕೊಡುವುದು ಇದೇ ನಿಯಮದಿಂದ. ಅದನ್ನು ಓದದೆ ಸಹಿ ಹಾಕಬೇಡಿ. ಯಾವ ಹೊತ್ತಿನಲ್ಲಾದರೂ ದೂರು ಕೊಡಲು ರಾಷ್ಟ್ರೀಯ ಸಹಾಯವಾಣಿ 1800-180-5522 ಇದೆ. ಈ ಹಾಸ್ಟೆಲ್‌ಗಳ ಕೊರತೆ ಎಂದರೆ ಸೀಟು ಕಡಿಮೆ, ಶುಲ್ಕವನ್ನು ವರ್ಷಕ್ಕೆ ಒಮ್ಮೆಗೇ ಅಥವಾ ಎರಡು ಕಂತಿನಲ್ಲಿ ಕಟ್ಟಬೇಕು, ರಾತ್ರಿ ಒಳಗೆ ಬರುವ ಹೊತ್ತು ಬಿಗಿ. ಹುಡುಗಿಯರ ಹಾಸ್ಟೆಲ್‌ಗೆ ಒಂದು ಹೊತ್ತು, ಹುಡುಗರ ಹಾಸ್ಟೆಲ್‌ಗೆ ಇನ್ನೊಂದು ಹೊತ್ತು ಇದ್ದರೆ ಗ್ರಂಥಾಲಯ, ಪ್ರಯೋಗಾಲಯಗಳ ಸಂಜೆಯ ಬಳಕೆ ಮಗಳಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಕೇಳಿ ತಿಳಿಯಬೇಕು. ಈ ಭೇದ ನನಗೆ ಒಪ್ಪಿಗೆಯಾಗುವುದಿಲ್ಲ, ಆದರೆ ಇದೆ.

ಎರಡನೆಯದು ಸನ್ಯಾಸಿನಿಯರ ಸಭೆಗಳು, ವೈಡಬ್ಲ್ಯುಸಿಎ, ವೈಎಂಸಿಎಗಳಂಥ ಸಂಸ್ಥೆಗಳು ವಿಶ್ವವಿದ್ಯಾಲಯದ ಹೊರಗೆ ನಡೆಸುವ ಹಾಸ್ಟೆಲ್‌ಗಳು. ನಮ್ಮವರಿಗೆ ಇವು ಗೊತ್ತೇ ಇರುವುದಿಲ್ಲ, ಗೊತ್ತಿದ್ದವರೂ ‘ಅಲ್ಲಿ ಕ್ರೈಸ್ತರನ್ನಷ್ಟೇ ತಗೋತಾರ’ ಎಂದು ಬಿಟ್ಟುಬಿಡುತ್ತಾರೆ. ಇಂಥ ಹಲವು ಹಾಸ್ಟೆಲ್‌ಗಳು ಎಲ್ಲ ಧರ್ಮದವರನ್ನೂ ಸೇರಿಸಿಕೊಳ್ಳುತ್ತವೆ. ಆದರೆ ಸ್ಥಳೀಯ ಪಾಲಕರೊಬ್ಬರ ಹೆಸರು ಬೇಕೆನ್ನುತ್ತಾರೆ, ಊರಿಗೆ ಹೋಗಲು ಪತ್ರ ಕೇಳುತ್ತಾರೆ, ಅರ್ಜಿ ಬೇಗ ಮುಗಿಯುತ್ತದೆ. ಸೀಟು ಫಲಿತಾಂಶದ ಮೊದಲೇ ತುಂಬುವುದರಿಂದ ಫಲಿತಾಂಶಕ್ಕೆ ಕಾಯದೆ ಪತ್ರ ಬರೆದಿಡುವುದು ಲೇಸು. ಇಲ್ಲಿ ಒಂದು ಎಚ್ಚರ ಬೇಕು: ಇವು ವಿಶ್ವವಿದ್ಯಾಲಯದ ಅಂಗವಲ್ಲ, ಆದ್ದರಿಂದ ಕಾಲೇಜಿನ ಆಪ್ತಸಮಾಲೋಚಕರಿಗೂ ಹಾಸ್ಟೆಲ್ಲಿನ ವಾರ್ಡನ್ನರಿಗೂ ಪರಸ್ಪರ ಪರಿಚಯವಿರುವುದಿಲ್ಲ. ಆ ಕೊಂಡಿಯನ್ನು ಪಾಲಕರೇ ಕಟ್ಟಿಕೊಡಬೇಕು. ಮೊದಲ ವಾರದಲ್ಲೇ ಇಬ್ಬರ ಫೋನ್ ಸಂಖ್ಯೆಯನ್ನೂ ಇಬ್ಬರಿಗೂ ಕೊಟ್ಟು ಬನ್ನಿ.

ಪಿಜಿಯ ಅನುಕೂಲ ಎಂದರೆ ತಕ್ಷಣ ಸಿಗುತ್ತದೆ, ತಿಂಗಳ ಲೆಕ್ಕದಲ್ಲಿ ಕಟ್ಟಬಹುದು, ಸ್ವಾತಂತ್ರ್ಯ ಹೆಚ್ಚು. ಎರಡನೆಯ, ಮೂರನೆಯ ವರ್ಷದವರಿಗೆ, ಗೆಳೆಯರ ಗುಂಪು ಕಟ್ಟಿಕೊಂಡ ಮೇಲೆ, ಇದು ಒಳ್ಳೆಯ ಆಯ್ಕೆಯೇ. ಬೆಂಗಳೂರಿನ ಪಾಲಿಕೆ 2024ರಲ್ಲಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿ, ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಮನೆಗೆ ಆಹಾರ ಸುರಕ್ಷತಾ ಪರವಾನಗಿ ಇರಬೇಕೆಂದು ಹೇಳಿತು. ಕೋಣೆ ನೋಡಲು ಹೋದಾಗ ಮೂರು ಮಂಚ ಹಾಕಿದ ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯನ್ನು ಈ ಅಳತೆಯ ಪಕ್ಕದಲ್ಲಿಟ್ಟು ನೋಡಿ: 120 ಚದರ ಅಡಿಯಲ್ಲಿ ಒಬ್ಬರ ಪಾಲಿಗೆ 40 ಮಾತ್ರ. ಲಾಕ್-ಇನ್ ಅವಧಿ (ಇಷ್ಟು ತಿಂಗಳು ಬಿಟ್ಟುಹೋಗುವಂತಿಲ್ಲ ಎಂಬ ಕರಾರು), ಡಿಪಾಜಿಟ್ಟಿನಲ್ಲಿ ಬಣ್ಣ ಬಳಿಯುವ ಖರ್ಚೆಂದು ಮುರಿಯುವ ಮೊತ್ತ, ರಾತ್ರಿ ಕಟ್ಟಡದಲ್ಲಿ ಉಳಿಯುವ ಹೊಣೆಗಾರ ವ್ಯಕ್ತಿ ಯಾರು ಎಂಬ ಮೂರನ್ನು ಬರಹದಲ್ಲಿ ಪಡೆಯಬೇಕು. ತಿಂಗಳಿಗೆ ಒಬ್ಬರಿಗೆ 20,000 ರೂಪಾಯಿವರೆಗಿನ, ಕನಿಷ್ಠ 90 ದಿನ ಸತತವಾಗಿ ಉಳಿಯುವ ಹಾಸ್ಟೆಲ್ ವಸತಿಗೆ 2024ರಿಂದ ಜಿಎಸ್‌ಟಿ ವಿನಾಯಿತಿ ಇದೆ; ಬಿಲ್ಲಿನಲ್ಲಿ ತೆರಿಗೆ ಸೇರಿಸಿದ್ದರೆ ಪ್ರಶ್ನಿಸಿ.

ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳು, ಸಮುದಾಯದ ಸಂಘಗಳು ನಡೆಸುವ ಹಾಸ್ಟೆಲ್‌ಗಳು ಖರ್ಚಿನಲ್ಲಿ ಎಲ್ಲಕ್ಕಿಂತ ಹಗುರ. ಕ್ಯಾಂಪಸ್ಸಿನಿಂದ ದೂರವಿದ್ದರೆ ಬಸ್ಸಿನಲ್ಲಿ ದಿನಕ್ಕೆ ಎರಡು ಮೂರು ತಾಸು ಹೋಗುತ್ತದೆ, ಕ್ರೈಸ್ಟ್‌ನಂಥ ಕಡೆ ಹಾಜರಾತಿಯ ನಿಯಮ ಬಿಗಿಯಾದ್ದರಿಂದ ಬೆಳಗಿನ ಮೊದಲ ತರಗತಿ ತಪ್ಪಿದಷ್ಟೂ ಕಷ್ಟ. ಬಂಧುಗಳ ಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಸೆಮಿಸ್ಟರಿಗೆ ಸರಿ, ಮೂರು ವರ್ಷಕ್ಕೆ ಸಂಬಂಧವೂ ಓದೂ ಎರಡೂ ಸೊರಗುತ್ತವೆ.

ರೊಕ್ಕದ ಲೆಕ್ಕ

ಹಾಸ್ಟೆಲ್ ದುಬಾರಿ, ಪಿಜಿ ಅಗ್ಗ ಎಂಬ ನಂಬಿಕೆಯನ್ನು ಪ್ರತಿ ಮನೆಯವರೂ ಒಮ್ಮೆ ಕಾಗದದ ಮೇಲೆ ಪರೀಕ್ಷಿಸಬೇಕು. ಪಿಜಿ ತಿಂಗಳಿಗೆ 9,000 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ರಜೆಯಲ್ಲಿ ಊರಿಗೆ ಬಂದರೂ ಮಂಚ ಉಳಿಸಿಕೊಳ್ಳಲು ಬಾಡಿಗೆ ಕಟ್ಟಬೇಕು; ಹನ್ನೆರಡು ತಿಂಗಳಿಗೆ 1,08,000. ಮಧ್ಯಾಹ್ನದ ಊಟ ಹಲವು ಪಿಜಿಗಳಲ್ಲಿ ಇರುವುದಿಲ್ಲ. ಕ್ಯಾಂಟೀನಿನಲ್ಲಿ ದಿನಕ್ಕೆ 70 ರೂಪಾಯಿಯಂತೆ 200 ದಿನಕ್ಕೆ 14,000. ಅಲ್ಲಿಗೆ 1,22,000 ಆಯಿತು. ಇದನ್ನು ಹತ್ತು ತಿಂಗಳಿಗೆ ಮೂರು ಹೊತ್ತಿನ ಊಟ ಸೇರಿಸಿ ಹೇಳುವ ಹಾಸ್ಟೆಲ್ ಶುಲ್ಕದ ಪಕ್ಕದಲ್ಲಿ ಇಟ್ಟಾಗ ವ್ಯತ್ಯಾಸ ನೀವು ಎಣಿಸಿದಷ್ಟು ಇರುವುದಿಲ್ಲ.

ನೆರವಿನ ಯೋಜನೆಗಳಿಗೂ ವಸತಿಗೂ ನಂಟಿದೆ. ಸಂವಿಧಾನದ 15(5)ನೇ ವಿಧಿಯಲ್ಲಿ ಹೇಳಿದ ಪ್ರವೇಶ ಮೀಸಲಾತಿ ಕ್ರೈಸ್ತ ಸಂಸ್ಥೆಗಳಂಥ ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ. ಇದರಿಂದ ವಿದ್ಯಾರ್ಥಿವೇತನವೂ ಇಲ್ಲವೆಂದು ತಪ್ಪು ತಿಳಿದು ಅರ್ಜಿಯನ್ನೇ ಹಾಕದವರನ್ನು ನಾನು ನೋಡಿದ್ದೇನೆ. ಪರಿಶಿಷ್ಟ ವರ್ಗಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಹಾಸ್ಟೆಲ್‌ನಲ್ಲಿ ಇರುವವರಿಗೆ ಭತ್ಯೆ ಹೆಚ್ಚು, ಅದಕ್ಕೆ ಹಾಸ್ಟೆಲ್ ಪ್ರಮಾಣಪತ್ರ ಬೇಕು. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ ವಸತಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಕೊಡುವ ಯೋಜನೆಯಾಗಿ ವಿದ್ಯಾಸಿರಿ ಆರಂಭವಾಯಿತು. ಅರ್ಜಿ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಮೂಲಕ. ವಿಶ್ವವಿದ್ಯಾಲಯದ್ದೇ ಆದ ಶುಲ್ಕ ರಿಯಾಯಿತಿ, ಓದುತ್ತ ದುಡಿಯುವ ಅವಕಾಶಗಳನ್ನು ಪ್ರವೇಶದ ದಿನವೇ ಕೇಳಿ. ನಡುವರ್ಷದಲ್ಲಿ ಕೇಳಿದರೆ ನಿಧಿ ಮುಗಿದಿರುತ್ತದೆ.

ಸೀಟು ಬಿಟ್ಟು ಬಂದರೆ ಹಣ ವಾಪಸ್ಸಾಗುವ ಬಗ್ಗೆ ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆ ಇದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಮೊದಲೇ ಬಿಟ್ಟರೆ ಶುಲ್ಕದ ಶೇ 5ಕ್ಕಿಂತ, ಅದೂ ಗರಿಷ್ಠ 5,000 ರೂಪಾಯಿಗಿಂತ, ಹೆಚ್ಚು ಮುರಿಯುವಂತಿಲ್ಲ. ಆ ದಿನಾಂಕ ದಾಟಿ 30 ದಿನವಾದ ಮೇಲೆ ಶುಲ್ಕ ಬಾರದು. ಕಾಷನ್ ಡಿಪಾಜಿಟ್ (ಭದ್ರತಾ ಠೇವಣಿ) ಮಾತ್ರ ಪೂರ್ತಿ ಬರಬೇಕು. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ದಿನಾಂಕಗಳನ್ನೂ ಪ್ರಕಟಿಸಿದೆ. ಹಾಸ್ಟೆಲ್ ಶುಲ್ಕಕ್ಕೆ ಸಂಸ್ಥೆ ಯಾವ ನಿಯಮ ಇಟ್ಟಿದೆ ಎಂಬುದನ್ನು ರಸೀದಿಯ ಹಿಂಬದಿಯಲ್ಲಿ ಓದಿ.

ನೆರವು ಇದೆ ಎನ್ನುವುದಕ್ಕೂ ಸಿಗುವುದಕ್ಕೂ

ಎಲ್ಲ ಕೈಪಿಡಿಗಳಲ್ಲಿಯೂ ಆಪ್ತಸಮಾಲೋಚನೆ, ಆರೋಗ್ಯ ಕೇಂದ್ರ, ಮೆಂಟರ್ (ಮಾರ್ಗದರ್ಶಕ ಅಧ್ಯಾಪಕ) ವ್ಯವಸ್ಥೆ ಎಂದು ಬರೆದಿರುತ್ತದೆ. ಕ್ರೈಸ್ತ ಸಂಸ್ಥೆಗಳಲ್ಲಿ ಇವುಗಳ ಜೊತೆಗೆ ಚಾಪ್ಲೇನ್ ಎಂದು ಕರೆಯುವ ಗುರುಗಳೊಬ್ಬರು ಇರುತ್ತಾರೆ. ಯಾವ ಧರ್ಮದ ವಿದ್ಯಾರ್ಥಿಯೂ ಹೋಗಿ ಮನಸ್ಸಿನ ಭಾರ ಹೇಳಿಕೊಳ್ಳಬಹುದಾದ ಜಾಗ ಅದು. ಹಿರಿಯರ ಎದುರು ಕುಳಿತು ಮಾತನಾಡಿ ರೂಢಿಯಿರುವ ನಮ್ಮ ಮಕ್ಕಳಿಗೆ ಇದು ಕೆಲವೊಮ್ಮೆ ಸಮಾಲೋಚಕರ ಕೋಣೆಗಿಂತ ಹತ್ತಿರವೆನಿಸುತ್ತದೆ. ಆದರೂ ನಿದ್ರೆ ಬಾರದಿರುವುದು, ಊಟ ಬೇಡವಾಗುವುದು ವಾರಗಟ್ಟಲೆ ನಡೆದರೆ ತರಬೇತಿ ಪಡೆದ ಸಮಾಲೋಚಕರೇ ಬೇಕು. ಅವರಲ್ಲಿ ಕನ್ನಡ ಬಲ್ಲವರು ಎಷ್ಟು ಮಂದಿ, ಭೇಟಿಗೆ ಎಷ್ಟು ದಿನ ಕಾಯಬೇಕು, ಹೇಳಿದ ಮಾತು ವಿಭಾಗದ ಮುಖ್ಯಸ್ಥರಿಗೆ ತಲುಪುತ್ತದೆಯೇ ಎಂದು ಕೇಳಿ. ಇಂಗ್ಲಿಷಿನಲ್ಲಿ ದುಃಖ ಹೇಳಿಕೊಳ್ಳಲು ಬಾರದ ಮಗು ‘ಐ ಆಮ್ ಫೈನ್’ ಎಂದು ಎದ್ದು ಬರುತ್ತದೆ. ಕ್ಯಾಂಪಸ್ಸಿನಲ್ಲಿ ಕನ್ನಡದವರು ಸಿಗದಿದ್ದರೆ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಕನ್ನಡದಲ್ಲಿಯೂ ದಿನದ ಇಪ್ಪತ್ನಾಲ್ಕು ತಾಸು ಸಿಗುತ್ತದೆ. ಈ ಸಂಖ್ಯೆಯನ್ನು ಮಗುವಿನ ಫೋನಿನಲ್ಲಿ ನೀವೇ ಉಳಿಸಿಕೊಡಿ.

ಹೋಲಿಸಲು ನಂಬಬಹುದಾದ ದಾಖಲೆಯೊಂದಿದೆ, ಪಾಲಕರು ಅದನ್ನು ತೆರೆಯುವುದೇ ಇಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ಮಾನ್ಯತೆಗಾಗಿ ಸಂಸ್ಥೆಗಳು ಸಲ್ಲಿಸುವ ಸ್ವಯಂ ಅಧ್ಯಯನ ವರದಿ ಅವುಗಳ ಜಾಲತಾಣದಲ್ಲಿ ಇರುತ್ತದೆ. ಅದರ ಐದನೆಯ ಮಾನದಂಡವೇ ವಿದ್ಯಾರ್ಥಿಗಳ ನೆರವು ಮತ್ತು ಪ್ರಗತಿ. ಎಷ್ಟು ಮಂದಿಗೆ ವಿದ್ಯಾರ್ಥಿವೇತನ ಸಿಕ್ಕಿದೆ, ಕುಂದುಕೊರತೆಗೆ ಯಾವ ವ್ಯವಸ್ಥೆ ಇದೆ ಎಂಬುದು ಅಲ್ಲಿ ಅಂಕಿಗಳಲ್ಲಿ ಸಿಗುತ್ತದೆ. ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳೆಂಬುದು ಎರಡನೆಯ ಮಾನದಂಡದಲ್ಲಿದೆ. ದೂರು ಒಳಗೆ ಬಗೆಹರಿಯದಿದ್ದರೆ ಹೋಗಲು, 2023ರ ಯುಜಿಸಿ ನಿಯಮದಂತೆ ಪ್ರತಿ ವಿಶ್ವವಿದ್ಯಾಲಯಕ್ಕೂ ಒಬ್ಬ ಒಂಬುಡ್ಸ್‌ಪರ್ಸನ್ (ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ) ಇರಬೇಕು.

ಪ್ರಾರ್ಥನೆ, ಊಟ, ರಜೆ

ಪ್ರಾರ್ಥನೆಯ ಬಗ್ಗೆ ಮನೆಯ ಹಿರಿಯರಿಗೆ ಇರುವ ಅಂಜಿಕೆಗೆ ಸಂವಿಧಾನದ 28(3)ನೇ ವಿಧಿಯಲ್ಲೇ ಉತ್ತರವಿದೆ: ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ, ಆರಾಧನೆಗೆ ಒತ್ತಾಯಿಸುವಂತಿಲ್ಲ. ಕಾರ್ಯಕ್ರಮದ ಆರಂಭದಲ್ಲಿ ಒಂದು ಪ್ರಾರ್ಥನೆ ಇರುತ್ತದೆ, ಪ್ರಸಾದ ನಿಲಯದಲ್ಲಿ ವಚನ ಇದ್ದ ಹಾಗೆ. ಊಟದ ಹೊಂದಾಣಿಕೆಗೆ ಮಾತ್ರ ಮಗುವನ್ನು ತಯಾರು ಮಾಡಿ ಕಳಿಸಬೇಕು. ಬೆಂಗಳೂರಿನ ಮೆಸ್ಸಿನಲ್ಲಿ ಅನ್ನ, ಸಾಂಬಾರು, ಚಪಾತಿ. ಮಂಗಳೂರಿನಲ್ಲಿ ಕುಚಲಕ್ಕಿ ಅನ್ನ, ಮೀನು. ಜೋಳದ ರೊಟ್ಟಿ ಎರಡೂ ಕಡೆ ಅಪರೂಪ. ಸಸ್ಯಾಹಾರಕ್ಕೆ ಬೇರೆ ಪಾತ್ರೆ, ಬೇರೆ ಸಾಲು ಇದೆಯೇ ಎಂದು ಕಣ್ಣಾರೆ ನೋಡಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಡಬ್ಬಿಗಳನ್ನು ಕೋಣೆಯಲ್ಲಿ ಇಡಲು ಬಿಡುತ್ತಾರೆಯೇ ಎಂದು ವಾರ್ಡನ್ನರನ್ನು ಕೇಳಲು ಸಂಕೋಚಪಡಬೇಡಿ. ದೊಡ್ಡ ರಜೆ ಕ್ರಿಸ್‌ಮಸ್ಸಿಗೆ ಬರುವುದರಿಂದ ಎಳ್ಳ ಅಮಾವಾಸ್ಯೆಗೆ ಮಗು ಮನೆಯಲ್ಲಿರುವ ವರ್ಷಗಳು ಸಾಕಷ್ಟು ಸಿಗುತ್ತವೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಬರುವುದು ಕಷ್ಟ. ಆ ರಜೆಯಲ್ಲಿ ಹಾಸ್ಟೆಲ್ ಪೂರ್ತಿ ಮುಚ್ಚುತ್ತದೆಯೇ, ಸಾಮಾನು ಕೋಣೆಯಲ್ಲೇ ಬಿಡಬಹುದೇ ಎಂಬುದೂ ತಿಳಿದಿರಲಿ.

ತೀರ್ಮಾನಿಸುವ ಮೊದಲು ಒಮ್ಮೆ ಹೋಗಿ ನೋಡಿ. ಹೋಗುವುದಾದರೆ ಹಗಲಿನ ಕಚೇರಿ ವೇಳೆಗೆ ಮಾತ್ರ ಹೋಗಬೇಡಿ. ರಾತ್ರಿ ಊಟದ ಹೊತ್ತಿಗೆ, ಅನುಮತಿ ಕೇಳಿ, ಊಟದ ಮನೆಯ ಹೊರಗೆ ಹತ್ತು ನಿಮಿಷ ನಿಲ್ಲಿ. ಎರಡನೆಯ ವರ್ಷದ ನಮ್ಮ ಕಡೆಯ ಹುಡುಗಿಯೋ ಹುಡುಗನೋ ಸಿಕ್ಕರೆ, ‘ತಂಗೀ, ಹೋದ ಸಲ ನಿನಗ ಆರಾಮ ಇಲ್ಲದಾಗ ಮೊದಲ ಯಾರು ಬಂದು ಕೇಳಿದ್ರವ್ವಾ?’ ಎಂದು ಕೇಳಿ. ನನ್ನ ಅಣ್ಣನ ಮಗಳ ಹಾಸ್ಟೆಲ್ಲಿನಲ್ಲಿ ನಾನು ಹೀಗೆ ಕೇಳಿದಾಗ ಆ ಹುಡುಗಿ ಯೋಚಿಸಲೇ ಇಲ್ಲ. ತಿರುಗಿ, ದಾಖಲೆ ಪುಸ್ತಕ ಹಿಡಿದು ಬಾಗಿಲಲ್ಲಿ ಕುಳಿತಿದ್ದ ಸಿಸ್ಟರ್ ಕಡೆಗೆ ಕೈ ತೋರಿಸಿದಳು.